ನನ್ನ ಅರ್ಜಿಗೆ ನಾನೇ ಎದುರಾಳಿ

ಸೆಪ್ಟೆಂಬರ್ 4, ಸೋಮವಾರ

ಅರ್ಜಿ ಕೊಟ್ಟಾಯಿತು. ಎಪ್ಪತ್ತೊಂದು ಸಹಿ. ಅದರಲ್ಲಿ ಎರಡು ಒಬ್ಬನದೇ ಎಂದು ಆಮೇಲೆ ಗೊತ್ತಾಯಿತು, ಹಾಗಾಗಿ ಎಪ್ಪತ್ತು. ಒಂಬತ್ತನೇ ತರಗತಿಯ ಮೂರೂ ವಿಭಾಗ ಸೇರಿದರೆ ನೂರಾ ಹದಿನೇಳು ಜನ. ಎಪ್ಪತ್ತು ಕಡಿಮೆಯೇನಲ್ಲ.

ನಮ್ಮ ಬೇಡಿಕೆ ಇಷ್ಟೇ. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನಮ್ಮನ್ನೆಲ್ಲ ಮೇಲಿನ ಹಾಲಿನಲ್ಲಿ ಕೂರಿಸಿ ಪದ್ಯ ಓದುವುದನ್ನು ನಿಲ್ಲಿಸಬೇಕು, ಆ ಹೊತ್ತನ್ನು ಆಟಕ್ಕೆ ಕೊಡಬೇಕು. ಆ ಪದ್ಯಗಳು ಪರೀಕ್ಷೆಗೂ ಇಲ್ಲ, ಅಂಕಕ್ಕೂ ಇಲ್ಲ. ಪದ್ಯ ಮೇಡಂ ಬರುತ್ತಾರೆ, ಯಾವುದೋ ಪುಸ್ತಕ ತೆರೆದು ಓದುತ್ತಾರೆ, ಓದಿ ಮುಗಿಸಿ ಕಿಟಕಿಯಾಚೆ ನೋಡುತ್ತಾರೆ. ನಾವೂ ನೋಡುತ್ತೇವೆ. ಕಿಟಕಿಯಾಚೆ ಏನಿದೆ? ಖಾಲಿ ವಾಲಿಬಾಲ್ ಅಂಕಣ! ಇಡೀ ವಾರದಲ್ಲಿ ಅದು ಖಾಲಿ ಇರುವುದು ಆ ಮುಕ್ಕಾಲು ಗಂಟೆ ಮಾತ್ರ. ನವೆಂಬರಿನಲ್ಲಿ ಪಂದ್ಯ. ನಾನು ಕ್ಯಾಪ್ಟನ್. ಹೊಟ್ಟೆ ಉರಿಯದೆ ಇರುತ್ತದೆಯೇ?

ಸೆಪ್ಟೆಂಬರ್ 5, ಮಂಗಳವಾರ

ಹೆಡ್‌ಮೇಡಂ ಕರೆಸಿದರು. ಅರ್ಜಿಯನ್ನು ಎರಡು ಸಲ ಓದಿ, "ಚೆನ್ನಾಗಿ ಬರ್ದಿದೀಯ" ಎಂದರು. ನಾನು ಉಬ್ಬಿಹೋದೆ. ಉಬ್ಬಬಾರದಿತ್ತು.

"ನಮ್ಮ ಸ್ಕೂಲಿನ ಪದ್ಧತಿ ಗೊತ್ತಲ್ಲಮ್ಮ? ಅರ್ಜಿ ತಂದವರು ಅದರ ವಿರುದ್ಧ ಭಾಷಣ ಮಾಡ್ಬೇಕು. ಅರ್ಜಿ ಬೇಡ ಅಂದವರು ಅದರ ಪರ ಮಾಡ್ಬೇಕು. ಆಮೇಲೆ ಎಲ್ರೂ ಕೈಯೆತ್ತಿ ತೀರ್ಮಾನ ಮಾಡೋದು. ಇಪ್ಪತ್ತೊಂದಕ್ಕೆ ಇಟ್ಕೊಳ್ಳೋಣ."

ಗೊತ್ತಿತ್ತು. ಆದರೆ ಅದೆಲ್ಲ ಬೇರೆಯವರಿಗೆ ಆಗುವಂಥದ್ದು ಅಂದುಕೊಂಡಿದ್ದೆ. ಹೋದ ವರ್ಷ ಟೈ ಬೇಡ ಎಂದು ಅರ್ಜಿ ಕೊಟ್ಟ ಹತ್ತನೇ ತರಗತಿಯ ಅಣ್ಣ ಟೈ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಇವತ್ತಿಗೂ ನಾವೆಲ್ಲ ಕತ್ತಿಗೆ ಟೈ ಬಿಗಿದುಕೊಂಡು ಓಡಾಡುತ್ತಿದ್ದೇವೆ.

"ಮೇಡಂ, ನನ್ನ ಬದಲು ಬೇರೆ ಯಾರಾದ್ರೂ..."

"ಊಹೂಂ" ಎಂದು ಅವರು ಇನ್ನೊಂದು ಫೈಲು ತೆರೆದರು. ಮುಗಿಯಿತು ಕಥೆ. ನಾನು, ಪದ್ಯ ಬೇಕೇಬೇಕು ಎಂದು, ನೂರಾ ಹದಿನಾರು ಜನರ ಮುಂದೆ, ಆರು ನಿಮಿಷ ಮಾತಾಡಬೇಕು.

ಆಟದ ಪರವಾಗಿ ಮಾತಾಡುವವನು ಯಾರು ಗೊತ್ತೇ? ಕನ್ನಡಕ! ಪದ್ಯದ ಪೀರಿಯಡ್ಡಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುವ ಏಕೈಕ ಪ್ರಾಣಿ. ಚೆಂಡು ಕಂಡರೆ ಎರಡೂ ಕೈಯಿಂದ ಕನ್ನಡಕ ಮುಚ್ಚಿಕೊಳ್ಳುತ್ತಾನೆ. ಅವನು ನಮ್ಮ ತಂಡವನ್ನು ಕಾಪಾಡಬೇಕಂತೆ.

ಸೆಪ್ಟೆಂಬರ್ 6, ಬುಧವಾರ

ಸ್ಪ್ರಿಂಗು ಉಪಾಯ ಹೇಳಿದಳು. ಅವಳು ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರ ಹಾರುವವಳು, ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂರುವವಳು. ಅವಳ ತಲೆಯೂ ಕಾಲಿನಷ್ಟೇ ಚುರುಕು.

"ಸುಮ್ನೆ ಕೆಟ್ಟದಾಗಿ ಮಾತಾಡೇ. ತೊದಲು. ಮಧ್ಯದಲ್ಲಿ ಮರೆತುಹೋಗು. ಎರಡು ಸಲ ಕೆಮ್ಮು. ಆ ಕನ್ನಡಕ ಎಷ್ಟೇ ಹಾಳು ಮಾಡಿದ್ರೂ ನೀನು ಅವನಿಗಿಂತ ಹಾಳು ಮಾಡಿದ್ರೆ ಆಯ್ತಲ್ಲ!"

ಒಪ್ಪಿಕೊಂಡೆ. ಇಷ್ಟು ಸುಲಭದ ದಾರಿ ನನಗೇಕೆ ಹೊಳೆಯಲಿಲ್ಲವೋ.

ಸೆಪ್ಟೆಂಬರ್ 9, ಶನಿವಾರ

ಕೆಟ್ಟ ಭಾಷಣ ಬರೆಯುವುದು ಅಷ್ಟೇನೂ ಸುಲಭವಲ್ಲ. ಮೂರು ದಿನ ತಿಣುಕಿ ಒಂದು ಪುಟ ಬರೆದೆ. "ಪದ್ಯವು ಬಹಳ ಮುಖ್ಯವಾದುದು. ಏಕೆಂದರೆ ಅದು ಪದ್ಯ. ಪದ್ಯವಿಲ್ಲದಿದ್ದರೆ ಪದ್ಯವಿರುವುದಿಲ್ಲ." ನನಗೇ ನಗು ಬಂತು.

ಅಮ್ಮನ ಹೊಲಿಗೆ ಅಂಗಡಿಗೆ ಹೋಗಿ, ಕತ್ತರಿಸಿದ ಬಟ್ಟೆಗಳ ನಡುವೆ ನಿಂತು, ಓದಿ ತೋರಿಸಿದೆ. ಕೆಮ್ಮಬೇಕಾದ ಕಡೆ ಕೆಮ್ಮಿದೆ. ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದರು. ಕೇಳಿಸಿಕೊಂಡು, ಪಿನ್ನುಗಳನ್ನೆಲ್ಲ ಒಂದೊಂದಾಗಿ ತೆಗೆದಿಟ್ಟರು.

"ಇದಕ್ಕೆ ಮೂರು ದಿನ ಬೇಕಾಯ್ತಾ?"

ನಮ್ಮ ಉಪಾಯ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಪಂದ್ಯದಲ್ಲಿ ಆಚೆ ಟೀಮಿನವರು ಬೇಕಂತಲೇ ಚೆಂಡು ಬಿಟ್ಟುಕೊಟ್ರೆ ನಿಂಗೆ ಹೇಗಾಗುತ್ತೆ?" ಎಂದು ಕೇಳಿ ಮತ್ತೆ ಪಿನ್ನು ಬಾಯಿಗಿಟ್ಟುಕೊಂಡರು. ಪಿನ್ನು ಬಾಯಲ್ಲಿದ್ದಾಗ ಅಮ್ಮನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಮನೆಗೆ ಬಂದೆ.

ಹೇಗಾಗುತ್ತೆ ಎಂದರೆ, ಕಪಾಳಕ್ಕೆ ಹೊಡೆದ ಹಾಗಾಗುತ್ತದೆ. ಅದು ಅಮ್ಮನಿಗೂ ಗೊತ್ತು. ಇರಲಿ. ಅರ್ಧ ಚೆನ್ನಾಗಿ ಮಾತಾಡುತ್ತೇನೆ, ಅರ್ಧ ಕೆಟ್ಟದಾಗಿ.

ಸೆಪ್ಟೆಂಬರ್ 11, ಸೋಮವಾರ

ಕನ್ನಡಕ ತಾನಾಗಿ ಬಂದು ಮಾತಾಡಿಸಿದ. ಅವನ ಸ್ಥಿತಿ ನನಗಿಂತ ಕೆಟ್ಟದ್ದು. "ಆಟದಿಂದ ರಕ್ತಸಂಚಾರ ಸುಗಮವಾಗುತ್ತದೆ" ಎಂದು ಶುರುಮಾಡಿ ಆರು ಸಾಲು ಬರೆದಿದ್ದಾನೆ, ಆರರಲ್ಲೂ ರಕ್ತವಿದೆ.

ಒಪ್ಪಂದವಾಯಿತು: ನಾನು ಅವನಿಗೆ ವಾಲಿಬಾಲ್ ಏಕೆ ಇಷ್ಟವೆಂದು ಹೇಳಬೇಕು, ಅವನು ನನಗೆ ಪದ್ಯ ಏಕೆ ಇಷ್ಟವೆಂದು ಹೇಳಬೇಕು. ಮೊದಲು ಅವನು ಹೇಳಲಿ ಎಂದೆ. ತುಂಬಾ ಹೊತ್ತು ಯೋಚಿಸಿ "ಗೊತ್ತಿಲ್ಲ" ಎಂದ. ತಲೆ ಚಚ್ಚಿಕೊಂಡೆ.

ನಾನಾದರೆ ಇಡೀ ಊಟದ ಬಿಡುವು ಮಾತಾಡಿದೆ. ಅವನು ಗಮನವಿಟ್ಟು ಕೇಳಿ, "ನೀನು ಹದಿನಾಲ್ಕು ಸಲ ಸೂಪರ್ ಅಂದೆ. ಸೂಪರ್ ಅನ್ನದೆ ಹೇಳು ನೋಡೋಣ" ಎಂದ. ಎಂಥ ಕಿರಿಕಿರಿ!

ಪ್ರಯತ್ನಿಸಿದೆ. ಆಗಲಿಲ್ಲ.

ಸೆಪ್ಟೆಂಬರ್ 13, ಬುಧವಾರ

ಶಾಲೆ ಬಿಟ್ಟ ಮೇಲೆ ಕನ್ನಡಕನಿಗೆ ಸರ್ವ್ ಮಾಡಲು ಕಲಿಸಿದೆ. ಮೊದಲ ಚೆಂಡು ಹಿಂದಕ್ಕೆ ಹೋಯಿತು. ಸರ್ವ್ ಮಾಡಿದ ಚೆಂಡು ಹಿಂದಕ್ಕೆ ಹೋದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಎರಡನೆಯದು ನೀರಿನ ನಲ್ಲಿಗೆ ಬಡಿಯಿತು. ಇಪ್ಪತ್ತಾರನೆಯದು ಬಲೆ ದಾಟಿತು. ಅವನು ಹಾಗೇ ಕೈಯೆತ್ತಿಕೊಂಡು ನಿಂತುಬಿಟ್ಟ. ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡನೋ ಏನೋ.

ಮನೆಗೆ ನಡೆಯುತ್ತಾ ಸೂಪರ್ ಎನ್ನದೆ ಹೇಳುವುದು ಹೇಗೆಂದು ಯೋಚಿಸಿದೆ. ಸ್ಪ್ರಿಂಗು ಹಾರಿದಾಗ, ಹೊಡೆಯುವುದಕ್ಕೆ ಮುಂಚೆ, ಒಂದು ಚೂರು ಹೊತ್ತು ಗಾಳಿಯಲ್ಲೇ ನಿಂತಿರುತ್ತಾಳೆ. ಆಗ ನಾವೈದೂ ಜನ ಉಸಿರು ಬಿಡುವುದಿಲ್ಲ. ಐದು ಜನರ ಉಸಿರಿನ ಮೇಲೆ ಅವಳು ನಿಂತಿದ್ದಾಳೆ ಅನ್ನಿಸುತ್ತದೆ.

ಇದನ್ನು ಕನ್ನಡಕನಿಗೆ ಹೇಳಬೇಕು. ಭಾಷಣಕ್ಕೆ ಉಪಯೋಗವಾದೀತು. ಅವನ ಭಾಷಣಕ್ಕೆ.

ಸೆಪ್ಟೆಂಬರ್ 15, ಶುಕ್ರವಾರ

ಪದ್ಯದ ಪೀರಿಯಡ್. ಮೇಡಂ ಓದಿದ್ದು ಒಂದು ಮುರಿದ ಕುರ್ಚಿಯ ಮೇಲಿನ ಪದ್ಯ. ಪದ್ಯ ಮುಗಿದ ಮೇಲೆ ಕಿಟಕಿಯಾಚೆ ನೋಡಲು ಮರೆತೆ. ಕುರ್ಚಿಗೆ ಮುಂದೇನಾಯಿತು ಎಂದು ಯೋಚಿಸುತ್ತಿದ್ದೆ, ಅಷ್ಟೇ.

ಗಂಟೆ ಹೊಡೆದ ಮೇಲೆ ಮೇಡಂ ಹತ್ತಿರ ಹೋದೆ. ಮುಖ ತೋರಿಸಲು ನಾಚಿಕೆಯಾಗುತ್ತಿತ್ತು. ಅವರ ಪೀರಿಯಡ್ಡಿಗೇ ಕೊಡಲಿ ಹಾಕಲು ಹೊರಟವಳು ನಾನು.

"ಮೇಡಂ, ಭಾಷಣಕ್ಕೆ ಏನಾದ್ರೂ ಹೇಳಿಕೊಡ್ತೀರಾ?"

"ನಾನು ಹೇಳಿಕೊಟ್ರೆ ಅದು ನನ್ನ ಭಾಷಣ ಆಗುತ್ತಲ್ಲಮ್ಮ. ಅದನ್ನ ಇಪ್ಪತ್ತೆರಡು ವರ್ಷದಿಂದ ಮಾಡ್ತಾನೇ ಇದೀನಿ, ಯಾರೂ ಕೇಳ್ತಿಲ್ಲ" ಎಂದು ಜೋರಾಗಿ ನಕ್ಕರು. ಕೋಪವೇ ಇಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಸೆಪ್ಟೆಂಬರ್ 17, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಲಿಫ್ಟುಗಳಿಗೆ ಭಾನುವಾರ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎಂಟಕ್ಕೇ ಒಂದು ಏಳು ಮಹಡಿ ಕಟ್ಟಡದಿಂದ ಫೋನು ಬಂತು. ಮನೆಯಲ್ಲಿದ್ದರೆ ಭಾಷಣ ಬರೆಯಬೇಕಲ್ಲ, ಅದಕ್ಕೇ "ನಾನೂ ಬರ್ತೀನಪ್ಪಾ" ಎಂದು ಹೊರಟೆ. ಮಗಳಿಗೆ ತನ್ನ ಕೆಲಸದಲ್ಲಿ ಆಸಕ್ತಿ ಹುಟ್ಟಿತು ಎಂದು ಅಪ್ಪ ಹಿಗ್ಗಿದರು. ನಿಜ ಹೇಳಲು ಮನಸ್ಸಾಗಲಿಲ್ಲ.

ಮೊದಲು ಕಟ್ಟಡದ ನೆತ್ತಿಯ ಮೇಲಿನ ಯಂತ್ರದ ಕೋಣೆಗೆ ಹತ್ತಿದೆವು. ಅಲ್ಲಿ ಅಪ್ಪ ಏನೋ ಗುನುಗಲು ಶುರುಮಾಡಿದರು. ಮೇನ್ ಸ್ವಿಚ್ ಇಳಿಸಿದರು, ಅದಕ್ಕೊಂದು ಸಣ್ಣ ಬೀಗ ಹಾಕಿದರು, ಕೀಲಿಯನ್ನು ಜೇಬಿಗೆ ಹಾಕಿ ಜೇಬನ್ನು ಒಮ್ಮೆ ತಟ್ಟಿಕೊಂಡರು. ಜೊತೆಗೆ ಕೆಲಸ ಮಾಡುವ ಮಾಮ ಮೇಲೇ ಉಳಿದರು. ನಾಲ್ಕನೇ ಮಹಡಿಗೆ ಇಳಿದು, ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಪ್ಪ ಬಾಗಿಲು ಸರಿಸಿದರು. ಒಳಗೆ ಲಿಫ್ಟ್ ಇಲ್ಲ. ಬರೀ ಕತ್ತಲೆ, ಗ್ರೀಸಿನ ವಾಸನೆ, ಇಳಿಬಿದ್ದ ಉಕ್ಕಿನ ಹಗ್ಗಗಳು. ನಾನು ಗೋಡೆಗೆ ಇನ್ನಷ್ಟು ಅಂಟಿಕೊಂಡೆ. ಅಪ್ಪ ಗುನುಗುತ್ತಲೇ ಮೇಲೆ ನೋಡಿದರು, ಕೆಳಗೆ ನೋಡಿದರು, "ಹೋಯ್!" ಎಂದು ಕೂಗಿದರು. ಮೇಲಿಂದ ಮಾಮ "ಹೋಯ್!" ಎಂದರು. ಆಮೇಲೇ ಒಳಗೆ ಕಾಲಿಟ್ಟದ್ದು.

ಕೆಲಸ ಮುಗಿದು ಮೆಟ್ಟಿಲ ಮೇಲೆ ಚಹಾ ಕುಡಿಯುವಾಗ, ಗುನುಗುತ್ತಿದ್ದದ್ದು ಏನೆಂದು ಕೇಳಿದೆ. ಅಪ್ಪ ಸಂಕೋಚದಿಂದಲೇ ಹೇಳಿದರು:

ಮೇನು ಇಳಿಸು, ಬೀಗ ಜಡಿ, ಕೀಲಿ ನಿನ್ನ ಜೇಬಿಗೆ;
ಮೇಲೆ ನೋಡು, ಕೆಳಗೆ ನೋಡು, ಆಮೇಲಷ್ಟೇ ಒಳಗೆ.
ಕೂಗಿ ಕೇಳು, ಓಗೊಡುವನಕ ಹೆಜ್ಜೆಯೊಂದೂ ಇಡಬೇಡ;
ಮನೆಯಲಿ ಯಾರೋ ಕಾಯ್ತಾ ಇದಾರೆ, ಅವಸರ ಮಾಡಬೇಡ.

"ಅಪ್ಪಾ, ಇದು ಪದ್ಯ!"

"ಛೇ, ಪದ್ಯ ಎಲ್ಲಿ ಬಂತು? ಕೆಲಸ ಇದು. ನಂಗೆ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದು."

"ಕಂಪನಿಯವರು ಪುಸ್ತಕ ಕೊಟ್ಟಿಲ್ವಾ?"

"ಕೊಟ್ಟಿದಾರೆ, ನಲವತ್ತು ಪುಟ. ಗಾಡೀಲಿ ಭದ್ರವಾಗಿದೆ."

ನಾನು ಸುಮ್ಮನಿರುವವಳೇ? "ಕೊನೇ ಸಾಲಲ್ಲಿ ಕೆಲಸವೇ ಇಲ್ವಲ್ಲಪ್ಪ. ಮೂರು ಸಾಲು ಸಾಕಾಗಿತ್ತು" ಎಂದೆ.

ಅಪ್ಪ ಲೋಟ ಕೆಳಗಿಟ್ಟರು. "ನಾನೂ ಮೊದಲು ಹಾಗೇ ಅಂದ್ಕೊಂಡು ಅದನ್ನ ಬಿಟ್ಟುಬಿಡ್ತಿದ್ದೆ. ಒಂದಿನ ವಿಪರೀತ ಸುಸ್ತು. ಮೇನು ಇಳಿಸೋಕೆ ಅಷ್ಟು ಮಹಡಿ ಯಾರು ಹತ್ತುತಾರೆ ಅಂತ ಸೋಮಾರಿತನ. ಬಾಗಿಲು ಸರಿಸಿ ಒಂದು ಕಾಲು ಇಟ್ಟೇಬಿಟ್ಟಿದ್ದೆ. ಆಗ ಆ ಸಾಲು ತಾನಾಗೇ ಬಾಯಿಗೆ ಬಂತು. ನಿಂಗಾಗ ಎರಡು ತಿಂಗಳು. ಕಾಲು ಹಿಂದಕ್ಕೆ ತಗೊಂಡೆ. ಕೆಳಗೆ ಯಾರೋ ಗುಂಡಿ ಒತ್ತಿದ್ರು ಅಂತ ಕಾಣುತ್ತೆ, ಲಿಫ್ಟ್ ಸರ್ರಂತ ಇಳೀತು, ನನ್ನ ಮೂಗಿನ ಮುಂದೆ."

ನಾನು ಅಪ್ಪನ ಅಂಗಿಯ ತುದಿ ಹಿಡಿದುಕೊಂಡೆ.

"ಏನು ಮಾಡ್ಬೇಕು ಅನ್ನೋದು ಪುಸ್ತಕದಲ್ಲೂ ಇದೆ ಕಣಮ್ಮ. ಆದ್ರೆ ಸುಸ್ತಾದಾಗ ಪುಸ್ತಕ ನೆನಪಾಗಲ್ಲ. ಇದು ಬಿಡು ಅಂದ್ರೂ ಬಿಡಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಇದನ್ನ ಅಮ್ಮಂಗೆ ಹೇಳ್ಬೇಡ. ಹದಿನಾಲ್ಕು ವರ್ಷದಿಂದ ಹೇಳಿಲ್ಲ" ಎಂದರು.

ಭಾಷಣದಲ್ಲಿ ಹೇಳಬಹುದೇ ಎಂದು ಕೇಳಿದೆ. "ಸ್ಕೂಲಲ್ಲಿ ಹೇಳು. ಅಂಗಡೀಲಿ ಹೇಳ್ಬೇಡ" ಎಂದರು.

ಸೆಪ್ಟೆಂಬರ್ 18, ಸೋಮವಾರ

ಹಳೆಯ ಪುಟ ಹರಿದು ಹಾಕಿದೆ. ಹೊಸದನ್ನು ಒಂದೇ ಏಟಿಗೆ ಬರೆದು ಮುಗಿಸಿದೆ. ಕೆಮ್ಮಿಲ್ಲ.

ಸ್ಪ್ರಿಂಗುವಿಗೆ ಹೇಳಲೇಬೇಕಾಯಿತು. ಅವಳು ನನ್ನನ್ನೇ ದಿಟ್ಟಿಸಿ, "ಅಂದ್ರೆ ನೀನು ಗೆಲ್ಲೋಕೆ ನೋಡ್ತೀಯಾ?" ಎಂದಳು.

"ಇಲ್ಲ ಕಣೇ. ಬೇಕಂತ ಸೋಲಲ್ಲ, ಅಷ್ಟೇ. ನನ್ನ ಓಟು ಆಟಕ್ಕೇ. ಭಾಷಣ ಕನ್ನಡಕನ ಎದುರು, ಕೈ ನಿಮ್ಮ ಜೊತೆ. ಆಣೆ."

"ನವೆಂಬರಲ್ಲಿ ಸೋತ್ರೆ ಪದ್ಯ ಬರೀತೀಯಾ, ಹೇಗೆ?"

ಮುಖ ಊದಿಸಿಕೊಂಡು ಹೋದಳು. ಸಂಜೆ ಜೊತೆಗೆ ಬರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಒಬ್ಬಳೇ ಮನೆಗೆ ನಡೆದೆ. ಅಷ್ಟು ಉದ್ದದ ರಸ್ತೆ ಅದು ಎಂದು ಗೊತ್ತೇ ಇರಲಿಲ್ಲ. ಅಳು ಬಂತು, ಅಳಲಿಲ್ಲ.

ಸೆಪ್ಟೆಂಬರ್ 20, ಬುಧವಾರ

ನಾಳೆ. ಭಾಷಣವನ್ನು ನಾಲ್ಕು ಸಲ ಓದಿಕೊಂಡೆ. ಸ್ಪ್ರಿಂಗು ಇನ್ನೂ ಮಾತು ಬಿಟ್ಟಿದ್ದಾಳೆ. ಇರಲಿ.

ಇಲ್ಲ, ಇರಲಿ ಅಲ್ಲ. ಬೇಜಾರಾಗಿದೆ.

ಸೆಪ್ಟೆಂಬರ್ 21, ಗುರುವಾರ

ಮೊದಲು ನಾನು. ಮೈಕು ನನ್ನ ಗದ್ದಕ್ಕಿಂತ ಎತ್ತರದಲ್ಲಿತ್ತು, ಬಗ್ಗಿಸಿದರೆ ಕೀಚ್ ಎಂದಿತು, ಎಲ್ಲರೂ ಕಿವಿ ಮುಚ್ಚಿಕೊಂಡರು. ಮೈಕು ಬಿಟ್ಟು ಮುಂದೆ ಬಂದು ನಿಂತೆ. ಅಂಕಣದಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಿದೆಯಲ್ಲ.

"ನಂಗೆ ಪದ್ಯ ಇಷ್ಟ ಇಲ್ಲ" ಎಂದು ಶುರುಮಾಡಿದೆ. ನಗುವಿನಿಂದ ಹಾಲ್ ಕುಲುಕಿತು. ಪದ್ಯ ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು. "ಅರ್ಜಿ ಬರೆದೋಳು ನಾನೇ. ಅದಕ್ಕೇ ಪದ್ಯ ಯಾರಿಗಾದ್ರೂ ಪ್ರಯೋಜನಕ್ಕೆ ಬಂದಿದ್ಯಾ ಅಂತ ಹುಡುಕಿದೆ. ಎಲ್ಲೂ ಸಿಗಲ್ಲ ಅಂತ ಧೈರ್ಯ ಇತ್ತು. ನಮ್ಮಪ್ಪನ ಬಾಯಲ್ಲೇ ಸಿಕ್ತು."

ಲಿಫ್ಟಿನ ಕಥೆ ಹೇಳಿದೆ. ಯಂತ್ರದ ಕೋಣೆ, ಬೀಗ, ಕತ್ತಲೆ. ನಾಲ್ಕೂ ಸಾಲು ಹೇಳಿದೆ. ಹಿಂದಿನ ಬೆಂಚಿನ ಗಲಾಟೆ ನಿಂತುಹೋಯಿತು. ಅಪ್ಪನ ಕಾಲು ಒಳಗಿದೆ ಎಂದಾಗ ಯಾರೋ "ಅಯ್ಯೋ" ಎಂದರು. ಆಮೇಲೆ ಬರೆದುಕೊಂಡಿದ್ದೆಲ್ಲ ಮರೆತುಹೋಯಿತು, ನಿಜವಾಗಿಯೇ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ:

"ಆ ಸಾಲು ಕಟ್ಟಿದ್ದು ಯಾರು ಅಂತ ಅಪ್ಪಂಗೆ ಗೊತ್ತಿಲ್ಲ. ಯಾವ ಸಾಲು ಯಾವತ್ತು ಬೇಕಾಗುತ್ತೆ ಅಂತ ಅಪ್ಪಂಗೂ ಗೊತ್ತಿರ್ಲಿಲ್ಲ. ಅದಕ್ಕೇ ಮೊದಲೇ ಬಾಯಲ್ಲಿ ಇರ್ಬೇಕು. ಮೇಡಂ ಪ್ರತೀ ಶುಕ್ರವಾರ ಒಂದೊಂದು ಸಾಲು ನಮ್ಮ ಬಾಯಿಗೆ ಹಾಕ್ತಿದಾರೆ. ನಾವು ಕಿಟಕಿ ಕಡೆ ನೋಡ್ತಿದೀವಿ. ಆ ಸಾಲಿಲ್ಲದಿದ್ರೆ ನಂಗೆ ಅಪ್ಪ ಇರ್ತಿರ್ಲಿಲ್ಲ. ಅಷ್ಟೇ."

ಚಪ್ಪಾಳೆ ನಿಲ್ಲಲೇ ಇಲ್ಲ. ಗೆದ್ದೆ ಅಂದುಕೊಂಡೆ.

ಆಮೇಲೆ ಕನ್ನಡಕ ಎದ್ದ. ರಕ್ತಸಂಚಾರವನ್ನು ಪೂರ್ತಿ ಬಿಟ್ಟಿದ್ದ. ಆರನೇ ತರಗತಿಯಿಂದ ತನ್ನನ್ನು ಯಾವ ತಂಡವೂ ಕರೆದಿಲ್ಲ, ತಾನು ಎಲ್ಲರ ಚೀಲ ಕಾಯುವವನಾಗಿದ್ದೆ ಎಂದ. ಇಪ್ಪತ್ತೈದು ಸಲ ತಪ್ಪಿದ ಮೇಲೆ ಚೆಂಡು ಬಲೆ ದಾಟಿದಾಗ ಅಂಗೈ ಉರಿಯುತ್ತಿತ್ತು, ಆ ಉರಿಯನ್ನು ಮನೆಯ ತನಕ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದೆ ಎಂದ. "ಐದು ಜನ ಉಸಿರು ಹಿಡಿದಾಗ ಆರನೆಯವಳು ಗಾಳಿಯಲ್ಲಿ ನಿಲ್ತಾಳೆ. ಆ ಐದರಲ್ಲಿ ಒಂದು ದಿನ ನಾನೂ ಒಬ್ಬನಾಗ್ಬೇಕು. ಅದಕ್ಕೆ ನಂಗೆ ಒಂದು ಪೀರಿಯಡ್ ಕೊಡಿ" ಎಂದ.

ಪಾಪಿ! ನನ್ನ ಮಾತನ್ನೇ ಕಡ ತೆಗೆದುಕೊಂಡು ನನ್ನನ್ನೇ ಹೊಡೆದ. ನನಗೂ ಕಣ್ಣು ಒದ್ದೆಯಾಯಿತು. ಚಪ್ಪಾಳೆ ತಟ್ಟಿದೆ, ತಟ್ಟಬಾರದಿತ್ತೇನೋ.

"ಪದ್ಯದ ಪೀರಿಯಡ್ ಇರಲಿ ಅನ್ನೋರು ಕೈ ಎತ್ತಿ" ಎಂದರು ಹೆಡ್‌ಮೇಡಂ. ಯಾರ್‍ಯಾರು ಎತ್ತುತ್ತಾರೆ ಎಂದು ಹಾಲೆಲ್ಲ ಕಣ್ಣಾಡಿಸಿದೆ. ಸ್ಪ್ರಿಂಗು ನನ್ನನ್ನೇ ನೋಡುತ್ತಿದ್ದಳು. ಏಕೆ ಹಾಗೆ ನೋಡುತ್ತಾಳೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನನ್ನ ಕೈ ಮೇಲಿತ್ತು. ಇಳಿಸಬಹುದಿತ್ತು. ಇಳಿಸಲಿಲ್ಲ.

ಐವತ್ತೇಳು. ಆಟಕ್ಕೆ ಅರವತ್ತು.

ನನ್ನ ಅರ್ಜಿ ಗೆದ್ದಿತು. ತಂಡದವರೆಲ್ಲ ಕುಣಿದರು. ನಾನು ನೀರಿನ ನಲ್ಲಿಯ ಹಿಂದೆ ಹೋಗಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸ್ಪ್ರಿಂಗು ಹುಡುಕಿಕೊಂಡು ಬಂದಳು. ಮೂರು ದಿನದ ಮೇಲೆ ಮೊದಲ ಮಾತು:

"ಗೆದ್ದು ಅಳೋ ಕ್ಯಾಪ್ಟನ್ನ ಇವತ್ತೇ ನೋಡಿದ್ದು ಕಣೇ."

"ಆಣೆ ಮುರಿದೆ" ಎಂದೆ.

"ಗೊತ್ತು. ಕಣ್ಣಿದೆ ನಂಗೆ." ನನ್ನ ಟೈಯಲ್ಲೇ ನನ್ನ ಮೂಗು ಒರೆಸಿದಳು. "ನಿಮ್ಮಪ್ಪ ಈಗ ಹುಷಾರಾಗಿದಾರಲ್ಲ?" ಎಂದು ಕೇಳಿದಳು. ಆಮೇಲೆ ಇಬ್ಬರೂ ನಕ್ಕೆವು, ಅವಳು ಜೊತೆಗೇ ಮನೆಗೆ ಬಂದಳು.

ಮನೆಯಲ್ಲಿ ಅಮ್ಮನಿಗೆ ಭಾಷಣ ಪೂರ್ತಿ ಹೇಳಿಬಿಟ್ಟೆ. ಹೇಳುವ ಭರದಲ್ಲಿ ಅಪ್ಪನ ಎಚ್ಚರಿಕೆ ಮರೆತೇಹೋಯಿತು. ಅಪ್ಪ ಬಂದಾಗ ಅಮ್ಮ ಅವರ ತೋಳು ಹಿಡಿದು, ಬಹಳ ಹೊತ್ತು ಬಿಡಲೇ ಇಲ್ಲ. ಅಪ್ಪ ನನ್ನ ಕಡೆ ನೋಡಿದ ನೋಟವಿದೆಯಲ್ಲ! ಊಟವಾದ ಮೇಲೆ ಯಾರೂ ಹೇಳದೆಯೇ ಅಷ್ಟೂ ಪಾತ್ರೆ ತೊಳೆದರು.

ಸೆಪ್ಟೆಂಬರ್ 29, ಶುಕ್ರವಾರ

ಮೊದಲ ಆಟದ ಪೀರಿಯಡ್. ಕನ್ನಡಕ ಚಡ್ಡಿ ಹಾಕಿಕೊಂಡು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದ. ಹನ್ನೊಂದು ಸರ್ವ್, ನಾಲ್ಕು ಬಲೆ ದಾಟಿದವು. ಸ್ಪ್ರಿಂಗು ಅವನ ಬೆನ್ನಿಗೆ ಬಾರಿಸಿ ಶಹಬಾಸ್ ಎಂದಳು, ಅವನು ಬಿದ್ದ.

ನಾನು ತೀರಾ ಕೆಟ್ಟದಾಗಿ ಆಡಿದೆ. ಹಸಿವಾಗಿತ್ತು. "ಊಟದ ಹೊತ್ತಲ್ಲಿ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಸ್ಪ್ರಿಂಗು ಬೈದಳು.

ಎಲ್ಲೂ ಇಲ್ಲ. ಊಟದ ಬಿಡುವಿನಲ್ಲಿ ಪದ್ಯ ಮೇಡಂ ಮೇಲಿನ ಹಾಲಿನಲ್ಲಿ ಕೂತು ಓದುತ್ತಾರೆ, ಬೇಕಾದವರು ಬರಬಹುದು ಎಂದು ಚೀಟಿ ಅಂಟಿಸಿದ್ದರು. ಸೋತಿದ್ದಕ್ಕೆ ಕ್ಷಮಿಸಿ ಎಂದು ಹೇಳಿ ಬರೋಣವೆಂದು ಹತ್ತಿದೆ, ಒಂದು ನಿಮಿಷದ ಕೆಲಸ. "ಕ್ಷಮೆ ಆಮೇಲೆ, ಮೊದಲು ಆ ಕಿಟಕಿ ಹಾಕಮ್ಮ, ಹಾಳೆ ಹಾರ್ತಿವೆ" ಎಂದರು ಮೇಡಂ. ಹಾಕಿದೆ. ಅಷ್ಟರಲ್ಲಿ ಓದಲು ಶುರುಮಾಡಿದ್ದರು, ನಡುವೆ ಎದ್ದು ಹೋದರೆ ಚೆನ್ನಾಗಿರುವುದಿಲ್ಲವಲ್ಲ, ಕೂತೆ. ಗಂಟೆ ಹೊಡೆದದ್ದು ಇಷ್ಟು ಬೇಗ ಹೇಗೆಂದು ತಿಳಿಯಲಿಲ್ಲ.

ಹತ್ತು ಜನ ಬಂದಿದ್ದರು. ನನ್ನನ್ನು ಸೇರಿಸಿದರೆ ಹನ್ನೊಂದು, ಆದರೆ ನಾನು ಕಿಟಕಿ ಹಾಕಿದವಳು, ಲೆಕ್ಕಕ್ಕಿಲ್ಲ.

ಮುಂದಿನ ಶುಕ್ರವಾರ ಊಟದ ಡಬ್ಬಿಯನ್ನು ಮೇಲಕ್ಕೇ ಒಯ್ಯಬೇಕು. ಆ ಕಿಟಕಿಯ ಚಿಲಕ ಸಡಿಲವಾಗಿದೆ, ಯಾರಾದರೂ ಅದರ ಪಕ್ಕದಲ್ಲಿ ಕೂರಲೇಬೇಕಲ್ಲ.